ಬೆರಳಗಲದ ಸಂದು

ಒಂದೇ ಒಂದು ಚೇಳು. ಅದೂ ಮರಿ. ಹೆಚ್ಚೆಂದರೆ ನನ್ನ ಕಿರುಬೆರಳಿನಷ್ಟು ಉದ್ದವಿದ್ದೀತು. ಆ ಮರಿಚೇಳಿನ ನೆವದಿಂದ ನಮ್ಮ ಬೀಗತಿ ಮೀರಾಬಾಯಿಯವರು ನನ್ನ ಮನೆಗೆ ಇಟ್ಟ ಹೆಸರನ್ನು ನಾನು ಇವತ್ತಿಗೂ ಮರೆತಿಲ್ಲ. ಮರೆಯುವವನೂ ಅಲ್ಲ! 'ಚೇಳಿನ ವಾಡೆ' ಅಂದರಂತೆ. ಎಲ್ಲಿ? ಔರಾದದಲ್ಲಿ, ತಮ್ಮ ಓಣಿಯ ಕಟ್ಟೆಯ ಮೇಲೆ ಕೂತು, ಹತ್ತು ಹೆಂಗಸರ ಎದುರಿಗೆ. ಬೀದರದಲ್ಲಿ ಯಾರ ಮನೆಗೆ ಚೇಳು ಬರುವುದಿಲ್ಲ, ನೀವೇ ಹೇಳಿ. ಬೇಸಿಗೆಯಲ್ಲಿ ಕೆಂಪು ಕಲ್ಲು ಕಾದು ಕೆಂಡವಾದರೆ ಅದಾದರೂ ಎಲ್ಲಿಗೆ ಹೋಗಬೇಕು? ಔರಾದದ ಚೇಳುಗಳೇನು ಬಾಗಿಲು ಬಡಿದು, ಪರವಾನಗಿ ಕೇಳಿ ಒಳಗೆ ಬರುತ್ತವೆಯೆ?

ನಡೆದದ್ದು ಇಷ್ಟು. ನಮ್ಮ ಮಗಳು ಸಂಘಮಿತ್ರಾಳನ್ನು ಔರಾದಕ್ಕೆ ಕೊಟ್ಟಿದ್ದೇವೆ. ಮೊದಲ ಬಸಿರು, ಏಳನೆಯ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿಯ ಪದ್ಧತಿ. ಅದನ್ನು ಮಾತಾಡಲೆಂದೇ ಬೀಗರಾದ ಗೋರಖನಾಥರು, ಮೀರಾಬಾಯಿಯವರು ಇಬ್ಬರೂ ನೌಬಾದದ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿದು ದಿನ ಗೊತ್ತು ಮಾಡುವ ಹೊತ್ತಿಗೆ ಸರಿಯಾಗಿ, ಪಡಸಾಲೆಯ ಒಡೆದ ಫರ್ಸಿಕಲ್ಲಿನ ಬಿರುಕಿನಿಂದ ಆ ಮಹಾಶಯ ಹೊರಬಂದು ಬೀಗತಿಯವರ ಸೀರೆಯ ಅಂಚಿನ ಗುಂಟ ಸವಾರಿ ಹೊರಟ. ನಾನು ಚಪ್ಪಲಿ ತೆಗೆದುಕೊಂಡು ಒಂದೇ ಏಟಿಗೆ ಅವನ ಕಥೆ ಮುಗಿಸಿದೆ. ಅದಕ್ಕೆ ಶಾಬಾಸ್ ಅನ್ನುವುದು ಬಿಟ್ಟು ಮೀರಾಬಾಯಿ ಕಪ್ಪು ಬಸಿ ಕೆಳಗಿಟ್ಟರು.

"ಈ ನೆಲದ ಮ್ಯಾಲ ನಮ್ಮ ಕೂಸ ಹರಿದಾಡೂದು ಬ್ಯಾಡ್ರಿ. ಹೆರಿಗಿ ಔರಾದದಾಗೇ ಆಗ್ಲಿ."

ನನ್ನ ಹೆಂಡತಿ ಕಾಂತಾಬಾಯಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ಮಗಳು ಮೂರು ತಿಂಗಳ ಬಸುರಿಯಾದಾಗಿನಿಂದ ಆಕೆ ಹಳೆಯ ಸೀರೆಗಳನ್ನು ಕತ್ತರಿಸಿ ಕೂಸಿಗೆ ಕುಂಚಿಗಿ, ಪುಟ್ಟ ಕೌದಿ ಹೊಲಿದು ಒಂದು ಟ್ರಂಕು ತುಂಬಿಸಿದ್ದಳು. ಬೀಗರು ಹೋದ ಮೇಲೆ ಆ ಟ್ರಂಕನ್ನು ಎತ್ತಿ ಅಟ್ಟದ ಮೇಲೆ ಇಟ್ಟದ್ದನ್ನು ನಾನು ನೋಡಿದೆ. ನನ್ನ ತಲೆ ಕಾಯಲು ಅಷ್ಟು ಸಾಕು. ಪಡಸಾಲೆಯ ನಡುವೆ ನಿಂತು ಪ್ರತಿಜ್ಞೆ ಮಾಡಿದೆ: ಇನ್ನು ಒಂದು ತಿಂಗಳಲ್ಲಿ ಬೀದರ ಜಿಲ್ಲೆಯೇ ಬಂದು ನೋಡುವಂಥ ನೆಲ ಹಾಕಿಸದೇ ಹೋದರೆ ನನ್ನ ಹೆಸರು ನರಸಿಂಗ ಅಲ್ಲ!

"ಹೆಸರ ಆಮ್ಯಾಲ ಬದಲ ಮಾಡ್ಕೊಳ್ರಿ," ಎಂದಳು ಹೆಂಡತಿ ಒಳಗಿನಿಂದ. "ಮೊದಲ ಒಬ್ಬ ಗೌಂಡಿನ ಹುಡಕ್ರಿ."

ಅದೇ ಗೋಳು. ಅದು ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷ. ನಮ್ಮ ಕಡೆ ರೈಲೂ ಇಲ್ಲ, ನೀರೂ ಇಲ್ಲ. ನೌಬಾದದ ಗೌಂಡಿಗಳೆಲ್ಲ ಬಾಗಿಲಿಗೆ ಕೀಲಿ ಹಾಕಿ ಹೈದರಾಬಾದಿಗೆ, ಪುಣೆಗೆ ಹೋಗಿದ್ದರು. ಉಳಿದ ಒಬ್ಬ ಮುದುಕ ಗೌಂಡಿಯನ್ನು ಹಿಡಿದು ತಂದರೆ, ಅವನು ನೆಲ ನೋಡುವ ಬದಲು ನನ್ನ ಮನೆಯ ಕೊಡಗಳನ್ನು ಎಣಿಸಿದ. ಹೊಸ ಕಲ್ಲು ಹಾಸಿದರೆ ಎಂಟು ದಿನ ನೀರು ಹೊಡೆಯಬೇಕು, ಎಲ್ಲಿಂದ ತರುತ್ತೀ ಎಂದು ಕೇಳಿದ. ಟ್ಯಾಂಕರು ಎಂಟು ದಿನಕ್ಕೊಮ್ಮೆ, ಮನೆಗೆ ಹನ್ನೆರಡು ಕೊಡ. ಅದನ್ನು ನೆಲಕ್ಕೆ ಕುಡಿಸಿದರೆ ನಾವು ಏನು ಕುಡಿಯುವುದು?

ನಾನು ಬೋರಿನ ಮೋಟರುಗಳಿಗೆ ವೈಂಡಿಂಗ್ ಮಾಡುವವನು. ಆ ಎರಡು ವರ್ಷ ಬೋರುಗಳೆಲ್ಲ ಬರೀ ಗಾಳಿ ಎಳೆದು ಎಳೆದು ಮೋಟರುಗಳು ಸುಟ್ಟು ನನ್ನ ಅಂಗಡಿಗೆ ಬಂದು ಬೀಳುತ್ತಿದ್ದವು. ಊರಿಗೆಲ್ಲ ಬರ, ನನಗೆ ಸುಗ್ಗಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ಹಾಗೆ ಮೋಟರು ತಂದ ಭಾಲ್ಕಿಯ ಗಿರಾಕಿಯೊಬ್ಬ ನನ್ನ ಗೋಳು ಕೇಳಿ, ತಮ್ಮೂರಿನ ಬಕ್ಕಪ್ಪನ ಅಂಗಡಿಯಲ್ಲಿ ಲ್ಯಾಮಿನೇಟ್ ಎಂಬ ಹಲಗೆ ನೆಲ ಬಂದಿದೆ, ಅದಕ್ಕೆ ಸಿಮೆಂಟೂ ಬೇಡ, ಹನಿ ನೀರೂ ಬೇಡ ಎಂದ. ಹನಿ ನೀರೂ ಬೇಡ! ಮರುದಿನ ಅಂಗಡಿಗೆ ಬೀಗ ಹಾಕಿ ಭಾಲ್ಕಿ ಬಸ್ಸು ಹತ್ತಿದೆ.

ನಾನು ಸಾಲಿ ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ನನಗೆ ಟೋಪಿ ಹಾಕುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆಯವನು. ಅಂಗಡಿಯೊಳಗೆ ಜಗಳಕ್ಕೆ ತಯಾರಾಗಿಯೇ ಕಾಲಿಟ್ಟೆ. ಬಕ್ಕಪ್ಪ ಶಾಂತ ಮನುಷ್ಯ. ನಾಲ್ಕಾರು ಹಲಗೆ ತುಂಡು ತಂದು ಮುಂದೆ ಹರವಿದ. ವೈರಿನ ವಾರ್ನಿಷ್ ಕೆರೆದು ಪರೀಕ್ಷೆ ಮಾಡುವ ಕೈ ನನ್ನದು. ಜೇಬಿನಿಂದ ಅಂಗಡಿಯ ಕೀಲಿಕೈ ತೆಗೆದು ಒಂದು ತುಂಡನ್ನು ಗೀರಿದೆ. ಗೀರು ಬೀಳಲಿಲ್ಲ, ಕೀಲಿಕೈ ಸವೆಯಿತು. ಅಂಚು ನೋಡಿದರೆ ಒಳಗೆ ಕಟ್ಟಿಗೆಯೇ ಇಲ್ಲ! ಕಟ್ಟಿಗೆಯ ಪುಡಿ ಒತ್ತಿ ಮಾಡಿದ ರಟ್ಟು, ಅದರ ಮೇಲೆ ಸಾಗವಾನಿಯ ಚಿತ್ರ, ಚಿತ್ರದ ಮೇಲೆ ಗಾಜಿನಂಥ ಒಂದು ಪೊರೆ. ಚಿತ್ರಕ್ಕೆ ದುಡ್ಡು ಕೊಡಬೇಕೇ ಎಂದು ಗದರಿಸಿದೆ.

"ಖರೇ ಸಾಗವಾನಿ ಹಾಸ್ಬೇಕಂದ್ರ ಅರಮನಿ ಇರ್ಬೇಕ್ರಿ ಕಾಕಾ," ಎಂದ ಬಕ್ಕಪ್ಪ. "ಇದು ಸಾಗವಾನಿ ಫೋಟೋ. ಗ್ವಾಡಿ ಮ್ಯಾಲ ಹಿರೇರ ಫೋಟೋ ಹಾಕ್ತೀರಲ್ಲ, ಹಿರೇರನ್ನ ತಂದು ತೂಗ ಹಾಕ್ತೀರೇನು?"

ಆಮೇಲೆ ನಂಬರುಗಳ ಪಾಠ. ಎ.ಸಿ. ಮೂರು ಮಲಗುವ ಖೋಲಿಗೆ, ನಾಲ್ಕು ಪಡಸಾಲೆಗೆ, ಐದು ಅಂಗಡಿಗೆ. ಅದು ಎಷ್ಟು ತುಳಿತ ತಡೆಯುತ್ತದೆ ಎಂಬ ಲೆಕ್ಕವಂತೆ. ನಮ್ಮ ಬೀಗರ ತುಳಿತ ಅವನಿಗೇನು ಗೊತ್ತು, ಐದನ್ನೇ ಕೊಡು ಎಂದೆ. ದಪ್ಪದಲ್ಲಿ ಎಂಟು ಮಿಲಿಮೀಟರು ಸಾಕು ಎಂದ. ಹನ್ನೆರಡು ಬೇಕೆಂದೆ. ನಂತರ ಬಕ್ಕಪ್ಪ ಮೂರು ಮಾತು ಹೇಳಿದ. ಪೆಟ್ಟಿಗೆಗಳು ಹಾಸುವ ಖೋಲಿಯಲ್ಲಿ ಎರಡು ದಿನ ಅಡ್ಡ ಮಲಗಿರಬೇಕು. ನೀರು ಚೆಲ್ಲಿದರೆ ಕೂಡಲೇ ಒರೆಸಬೇಕು. ಮೂರನೆಯ ಮಾತು ಹೇಳುವಾಗ ನಾನು ಬಣ್ಣ ಆರಿಸುತ್ತಿದ್ದೆ.

ಬಣ್ಣದ ವಿಷಯದಲ್ಲಿ ಕಾಂತಾಬಾಯಿಯ ಹುಕುಂ ಒಂದೇ ಇತ್ತು: ತಿಳಿ ಬಣ್ಣ ತರಬೇಕು, ಚೇಳು ಬಂದರೆ ದೂರದಿಂದಲೇ ಕಾಣಬೇಕು. ಆದರೆ ಅಲ್ಲಿ ಅಖ್ರೋಟಿನ ಗಾಢ ಕಂದು ಬಣ್ಣದ ಹಲಗೆಯೊಂದು ನವಾಬರ ದಿವಾಣಖಾನೆಯಿಂದ ಎದ್ದುಬಂದ ಹಾಗೆ ನನ್ನನ್ನೇ ನೋಡುತ್ತಿತ್ತು. ತಂದದ್ದು ಅದನ್ನೇ. ಟೆಂಪೋದಿಂದ ಪೆಟ್ಟಿಗೆ ಇಳಿಸುವಾಗ ಆಕೆ ಒಂದನ್ನು ಬಿಚ್ಚಿ ನೋಡಿದಳು.

"ಇದರ ಮ್ಯಾಲ ಚೇಳ ಬಂದ್ರ ಬೀಗತಿಗಿ ಕಾಣಂಗಿಲ್ಲ, ಅದಕ್ಕ ತಂದೀರೇನು?"

ನಾನು ಕೇಳಿಸದವನ ಹಾಗೆ ಟೆಂಪೋದವನ ಮೇಲೆ ರೇಗಿದೆ.

ಹಲಗೆ ಕೂಡಿಸಲು ಬಕ್ಕಪ್ಪ ಕಮಠಾಣದ ಶರಫೋದ್ದೀನನನ್ನು ಕಳಿಸಿದ. ಮೂವತ್ತರ ಆಸುಪಾಸಿನ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕೂಲಿಯೆಲ್ಲ ಬಕ್ಕಪ್ಪನಿಗೆ ಮೊದಲೇ ಮುಟ್ಟಿಸಿದ್ದೆ. ಬಂದವನು, ನಾನು ಗೋಡೆಗೆ ನಿಲ್ಲಿಸಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ನೆಲದ ಮೇಲೆ ಮಲಗಿಸಿ, ಎರಡು ದಿನ ಬಿಟ್ಟು ಬರುತ್ತೇನೆಂದು ಹೊರಟೇಬಿಟ್ಟ. ಆರಾಮ ಮಾಡಲು ಹಲಗೆಗಳೇನು ಬೀಗರೇ ಎಂದು ಅವನನ್ನು ತಡೆದೆ. ಹೊಸ ಮನೆಯ ಹವಾ ಹೊಂದಬೇಕು ಕಾಕಾ, ಎಂದ.

"ಖರೇ ಹೇಳ್ತಾನ," ಎಂದಳು ನನ್ನ ಹೆಂಡತಿ. "ನನಗ ಈ ಮನಿ ಹವಾ ಹೊಂದಾಕ ಹನ್ನೆರಡ ವರ್ಷ ಹಿಡೀತು. ಪಾಪ ಅವು ಎರಡೇ ದಿನ ಕೇಳ್ಯಾವ."

ಮೂರನೆಯ ದಿನ ಶರಫೋದ್ದೀನ ಹಳೆಯ ಫರ್ಸಿಯ ಬಿರುಕುಗಳನ್ನೆಲ್ಲ ಪುಟ್ಟಿ ಬಳಿದು ಮುಚ್ಚಿದ. ಮೇಲೆ ತೆಳ್ಳಗಿನ ಫೋಮಿನ ಹಾಳೆ ಹಾಸಿದ. ಅದರ ಮೇಲೆ ಹಲಗೆಗೆ ಹಲಗೆ ಓರೆ ಹಿಡಿದು ಒತ್ತಿದರೆ 'ಟಿಕ್' ಎಂದು ಕೂಡಿಕೊಳ್ಳುತ್ತಿತ್ತು. ಮೊಳೆ ಇಲ್ಲ, ಅಂಟು ಇಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಪಡಸಾಲೆ ಪಡಸಾಲೆಯಾಗಿ ಉಳಿದಿರಲಿಲ್ಲ, ದರ್ಬಾರಾಗಿತ್ತು! ಕಲೆಕ್ಟರ್ ಸಾಹೇಬರೇ ಬಂದರೂ ಚಪ್ಪಲಿ ಹೊರಗೆ ಬಿಡಬೇಕಾದಂಥ ನೆಲ. ಕಾಂತಾಬಾಯಿ ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದು ನೋಡಿ, ಅಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ನಾನು ಮೊಣಕಾಲೂರಿ, ನೆಲಕ್ಕೆ ಕೆನ್ನೆ ಹಚ್ಚಿ, ಒಂದು ಕಣ್ಣು ಮುಚ್ಚಿ ಸಮತಟ್ಟು ಪರೀಕ್ಷೆ ಮಾಡುತ್ತ ಗೋಡೆಯ ತನಕ ಹೋದೆ. ಅಲ್ಲಿ ನೋಡಿದರೆ ಏನು?

ನಾಲ್ಕೂ ಗೋಡೆಯ ಬುಡದಲ್ಲಿ, ಹಲಗೆಗೂ ಗೋಡೆಗೂ ನಡುವೆ, ಬೆರಳಗಲದ ಸಂದು! ಆ ಸಂದಿನೊಳಗಿಂದ ಹಳೆಯ ಫರ್ಸಿಕಲ್ಲು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಚೇಳುಗಳಿಗೆ ಡಾಂಬರು ರಸ್ತೆ!

ಶರಫೋದ್ದೀನ ಸಮಾಧಾನದಿಂದಲೇ ಹೇಳಿದ. ಇದು ಉಬ್ಬುವ ಕುಗ್ಗುವ ಮಾಲು, ಅದಕ್ಕೆ ಜಾಗ ಬಿಡಲೇಬೇಕು. ಕೆಳಗಿನ ಬಿರುಕುಗಳನ್ನು ಮುಚ್ಚಿದ್ದಾಗಿದೆ. ಹಲಗೆಗಳ ಜೊತೆ ಬಂದ ಈ ಉದ್ದನೆಯ ಪಟ್ಟಿಗಳನ್ನು ಸಂದಿನ ಮೇಲೆ ಗೋಡೆಗೆ ಹೊಡೆದರೆ ಏನೂ ಕಾಣುವುದಿಲ್ಲ. ಕರೆಂಟು ಹೋಗಿದೆ, ಡ್ರಿಲ್ ನಡೆಯುವುದಿಲ್ಲ, ನಾಳೆ ಬಂದು ಹೊಡೆಯುತ್ತೇನೆ. ಇಷ್ಟೂ ಮಾತನ್ನು ನನ್ನ ಕಿವಿ ಕೇಳಿತು, ತಲೆ ಕೇಳಲಿಲ್ಲ. ಕತ್ತರಿಸುವಾಗ ಗಿಡ್ಡ ಮಾಡಿ ಈಗ ಕಥೆ ಕಟ್ಟುತ್ತಿದ್ದಾನೆ ಅನ್ನಿಸಿತು. ಅವನ ಹಿಂದೆಯೇ ಬಾಗಿಲ ತನಕ ಹೋಗಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ.

"ನಾಕೂ ಗ್ವಾಡಿಗಿ ಒಂದೊಂದ ಬೆರಳ ನುಂಗೀದಿ. ನೀ ಕಳ್ಳ ಇದ್ದಿ, ಕಳ್ಳ. ನಾಳಿಗಿ ಈ ಹೊಸ್ತಿಲಾ ತುಳೀಬ್ಯಾಡ."

ಎದುರುಮನೆಯವರು ಹೊರಗೆ ಬಂದರು. ನೀರಿಗಾಗಿ ಕೊಡ ಸಾಲಿನಲ್ಲಿಟ್ಟು ಕೂತಿದ್ದ ಹೆಂಗಸರು ಎದ್ದು ನಿಂತರು. ಶರಫೋದ್ದೀನ ಹತಾರಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡ. ಕಾಂತಾಬಾಯಿಯ ಕಡೆ ತಿರುಗಿ, ಆ ಪಟ್ಟಿ ಮಾತ್ರ ಯಾರ ಕಡೆಯಿಂದಾದರೂ ಹೊಡೆಸಿಕೊಳ್ಳಿ ಅವ್ವಾ, ಎಂದು ಹೇಳಿ ಗಾಡಿ ಚಾಲೂ ಮಾಡಿಕೊಂಡು ಹೋದ.

ಅವನ ಪಟ್ಟಿ ಯಾರಿಗೆ ಬೇಕು? ಅವುಗಳನ್ನು ಹಿತ್ತಲಿಗೆ ಒಯ್ದು ಅರಿವೆ ಒಣಹಾಕುವ ಹಗ್ಗಕ್ಕೆ ಆಸರೆ ಕೋಲು ಮಾಡಿದೆ. ಮರುದಿನ ಅರ್ಧ ಚೀಲ ಸಿಮೆಂಟು ತಂದೆ. ಪಕ್ಕದ ಮನೆಯ ಉಸ್ಮಾನ ಮಿಯಾ ಅವರಲ್ಲಿ ಅರ್ಧ ಕೊಡ ನೀರು ಕೇಳಿದಾಗ ಅವರು, ಹಲಗೆ ನೆಲಕ್ಕೆ ನೀರು ಯಾಕೆ ಬೇಕು ಭಾಯ್, ಎಂದು ಕೇಳಿದರು. ಕೇಳಿದರೂ ನೀರು ಕೊಟ್ಟರು. ಸಿಮೆಂಟು ಗಟ್ಟಿಯಾಗಿ ಕಲಸಿ ನಾಲ್ಕೂ ಗೋಡೆಯ ಗುಂಟ ಕುಕ್ಕರಗಾಲಲ್ಲಿ ಸರಿಯುತ್ತ ಸಂದನ್ನೆಲ್ಲ ಮುಚ್ಚಿ, ಬೆರಳಿನಿಂದ ನೀವಿ ನುಣುಪು ಮಾಡಿದೆ. ಇನ್ನು ಚೇಳಲ್ಲ, ಚೇಳಿನ ಯೋಚನೆಯೂ ಒಳಗೆ ಬರಲಾರದು! ಸೊಂಟ ಮೂರು ದಿನ ನೆಟ್ಟಗಾಗಲಿಲ್ಲ, ಎದೆ ಮಾತ್ರ ಸೆಟೆದೇ ಇತ್ತು.

ಔರಾದಕ್ಕೆ ಫೋನು ಮಾಡಿಸಿದೆ. ಭಾನುವಾರ ಮೂವರೂ ಬರುತ್ತೇವೆ, ಸಂಘಮಿತ್ರಾಳೂ ಬರುತ್ತಾಳೆ, ನೆಲ ನೋಡಿ ಆಮೇಲೆ ಮಾತು, ಎಂದು ಮೀರಾಬಾಯಿ ಹೇಳಿ ಕಳಿಸಿದರು. ಕಾಂತಾಬಾಯಿ ಟ್ರಂಕು ಅಟ್ಟದಿಂದ ಇಳಿಸಿದಳು. ಬೀಗ ಮಾತ್ರ ತೆಗೆಯಲಿಲ್ಲ. ಅವರು ಹೂಂ ಅಂದ ಮೇಲೆ ತೆಗೆಯುತ್ತೇನೆ ಅಂದಳು.

ಮಿರಗದ ಮಳೆನಕ್ಷತ್ರ ಹುಟ್ಟಿದರೂ ಮಳೆಯ ಸುಳಿವಿರಲಿಲ್ಲ. ಒಳಗೆ ಕೂತರೆ ತವೆಯ ಮೇಲೆ ಕೂತ ಹಾಗೆ. ಇಂಥ ದರ್ಬಾರಿಗೆ ಬೀಗರು ಬಂದು ಬೆವರು ಒರೆಸಿಕೊಳ್ಳುವುದೆಂದರೆ ನನಗೆ ಅವಮಾನ. ಹಿತ್ತಲಲ್ಲಿ ಎರಡು ವರ್ಷದಿಂದ ಒಣಗಿ ನಿಂತಿದ್ದ ಕಬ್ಬಿಣದ ಕೂಲರನ್ನು ಎಳೆದು ತಂದೆ. ಶನಿವಾರ ಟ್ಯಾಂಕರು ಬಂದಾಗ ಹನ್ನೆರಡು ಕೊಡದಲ್ಲಿ ನಾಲ್ಕನ್ನು ಅದರ ಹೊಟ್ಟೆಗೆ ಸುರಿದೆ. ಜನ ಕುಡಿಯುವ ನೀರನ್ನು ಗಾಳಿಗೆ ಕುಡಿಸುತ್ತೀರಾ ಎಂದು ಹೆಂಡತಿ ಬೈದಳು. ನಾನು ಕಿಟಕಿ ಮುಚ್ಚಿ ಕೂಲರ್ ಹಚ್ಚಿದೆ. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದ ತನಕ ಅದು ಬುಸ್ ಎಂದು ಹಸಿಗಾಳಿ ಉಗುಳುತ್ತಲೇ ಇತ್ತು. ಗೋಡೆ ಮುಟ್ಟಿದರೆ ತೇವ, ಹಾಸಿಗೆ ಮುಟ್ಟಿದರೆ ತೇವ. ಆಹಾ, ಎಂಥ ತಂಪು!

ಬೀಗರು ಬಂದರು. ಗೋರಖನಾಥರು ಹೊಸ್ತಿಲಲ್ಲೇ ನಿಂತು, ಕಾಲಿಡಲೋ ಬೇಡವೋ ಎಂಬಂತೆ ನೆಲ ನೋಡಿದರು. ಮೀರಾಬಾಯಿ ಸೆರಗು ಸಿಕ್ಕಿಸಿ, ಬಗ್ಗಿ, ನಾಲ್ಕೂ ಗೋಡೆಯ ಬುಡವನ್ನು ಪೊಲೀಸರು ಪಂಚನಾಮೆ ಮಾಡುವ ಹಾಗೆ ನೋಡುತ್ತ ಹೋದರು. ನನ್ನ ಸಿಮೆಂಟಿನ ಗೆರೆಯ ಮೇಲೆ ಬೆರಳಾಡಿಸಿದರು. ಒಂದು ಇರುವೆಗೂ ದಾರಿ ಸಿಗಲಿಲ್ಲ. ಕೊನೆಗೆ ಎದ್ದು ನಿಂತು, "ಛಲೋ ಆಗ್ಯಾದ," ಎಂದರು. ಆ ಒಂದು ಮಾತಿಗೆ ಕಾಂತಾಬಾಯಿ ಸೊಂಟದಿಂದ ಟ್ರಂಕಿನ ಕೀಲಿಕೈ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. ತಿಂಗಳ ಮೇಲೆ ಆಕೆಯ ಮುಖದಲ್ಲಿ ನಗು ಕಂಡೆ.

ಚಾಪೆ ಹಾಸಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ. ಸಂಘಮಿತ್ರಾಳಿಗೆ ಕಾಲು ಮಡಿಸಲಾಗದೆ ಗೋಡೆಗೆ ಆನಿಸಿ ಸ್ಟೂಲಿನ ಮೇಲೆ ಕೂಡಿಸಿದ್ದೆವು. ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಎಲ್ಲೋ ಕೆಳಗಿನಿಂದ 'ಟಪ್' ಎಂದು ಸದ್ದಾಯಿತು. ಗೋರಖನಾಥರ ಮುಂದಿನ ಬೇಳೆಯ ಬಟ್ಟಲು ತಾನಾಗಿಯೇ ನನ್ನ ಕಡೆ ಸರಿಯಿತು. ಅವರು ಎಳೆದುಕೊಂಡರು. ಅದು ಮತ್ತೆ ಹೊರಟಿತು. ನೋಡುನೋಡುತ್ತಿದ್ದಂತೆ ಚಾಪೆಯ ನಡುಭಾಗ, ಯಾರೋ ಕೆಳಗೆ ಮಲಗಿದವರು ಮಗ್ಗುಲು ಬದಲಿಸಿದ ಹಾಗೆ, ಮೆಲ್ಲಗೆ ಮೇಲೆದ್ದಿತು.

ಮೀರಾಬಾಯಿ ರೊಟ್ಟಿ ಕೆಳಗಿಟ್ಟರು. "ಬೀಗರ, ಕೆಳಗ ಏನದ?"

"ಏನೂ ಇಲ್ರಿ."

"ಏನಿಲ್ಲಂದ್ರ ಹ್ಯಾಂಗ ಏಳ್ಲತದ?"

ಗೋರಖನಾಥರು ಒಂದೇ ಶಬ್ದ ಆಡಿದರು. "ಹಾವು."

ಅಷ್ಟರಲ್ಲಿ ಇನ್ನೊಂದು ಸದ್ದು, ಪಟಾಕಿಯಂಥದ್ದು. ಎರಡು ಹಲಗೆ ಬಾಯಿ ತೆರೆದು ಚಾಪೆಯನ್ನೇ ಎತ್ತಿದವು. ಮುಂದೆ ನಡೆದದ್ದನ್ನು ಮುಚ್ಚಿಡುವುದಿಲ್ಲ. ನಾನು ಮಂಚದ ಮೇಲಿದ್ದೆ. ತಾಟಿನ ಸಮೇತ! ಯಾವಾಗ ಹಾರಿದೆನೋ ನನಗೇ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಗೋರಖನಾಥರು, ಅವರ ಕೈಯಲ್ಲಿ ಬೇಳೆಯ ಬಟ್ಟಲು. ಗದ್ದಲ ಕೇಳಿ ಉಸ್ಮಾನ ಮಿಯಾ ಬಡಿಗೆ ಹಿಡಿದು ಬಂದು ಆ ಗುಡ್ಡಕ್ಕೆ ಎರಡು ಏಟು ಬಿಗಿದರು. ಬಡಿಗೆ ಚೆಂಡಿನ ಹಾಗೆ ಪುಟಿದು ಅವರ ಹಣೆಗೇ ಬಂದಿತು. ಹಾವು ಹೊರಬರಲಿಲ್ಲ. ಗುಡ್ಡವೂ ಇಳಿಯಲಿಲ್ಲ.

ಶರಫೋದ್ದೀನನ ನಂಬರು ಬರೆದಿಟ್ಟುಕೊಂಡವಳು ಕಾಂತಾಬಾಯಿ. ಫೋನು ಮಾಡಿದವಳೂ ಆಕೆಯೇ. ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆ ಉರಿಬಿಸಿಲಲ್ಲಿ ಒಂದು ತಾಸಿನೊಳಗೆ ಬಂದ. ಹೊಸ್ತಿಲ ಹೊರಗೇ ನಿಂತ. ಆಕೆ, ಒಳಗೆ ಬಾರಪ್ಪಾ, ಎಂದ ಮೇಲೆಯೇ ಕಾಲಿಟ್ಟ. ಗುಡ್ಡ ನೋಡಿದ, ಕೂಲರ್ ನೋಡಿದ, ಗೋಡೆಯ ಬುಡದ ಸಿಮೆಂಟು ನೋಡಿದ. ನನ್ನನ್ನು ನೋಡಲಿಲ್ಲ.

"ಹಸಿಗಾಳಿ ಕುಡದು ಹಲಗಿ ಹಿಗ್ಗ್ಯಾವ್ರಿ ಅವ್ವಾ," ಎಂದ. "ಬಾಜೂಕ ಹೋಗಾಕ ಜಾಗ ಇಲ್ಲ. ಮ್ಯಾಲ ಎದ್ದಾವ."

ಉಳಿ ಸುತ್ತಿಗೆ ತೆಗೆದು ನಾಲ್ಕೂ ಗೋಡೆಯ ಗುಂಟ ಕೂತು ನನ್ನ ಪರಾಕ್ರಮವನ್ನೆಲ್ಲ ಚೂರು ಚೂರಾಗಿ ಕಿತ್ತು ಹಾಕಿದ. ಎರಡು ತಾಸು ಹಿಡಿಯಿತು. ನಾಲ್ಕನೆಯ ಗೋಡೆ ಬಿಡಿಸಿ ಗುಡ್ಡದ ಮೇಲೆ ಅಂಗೈ ಊರಿದರೆ, ಅದು ಉಸಿರು ಬಿಟ್ಟು ಮಲಗಿಕೊಂಡಿತು. ಆಮೇಲೆ ಪಟ್ಟಿ ಕೇಳಿದ. ನಾನು ಹಿತ್ತಲಿಗೆ ಹೋಗಿ, ಹಗ್ಗದ ಮೇಲಿನ ಅರಿವೆಗಳನ್ನು ತೆಗೆದು, ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ತಂದು ಅವನ ಮುಂದೆ ಇಳಿಸಿದೆ. ಹೊಡೆದ ಮೇಲೆ ಸಂದು ಎಲ್ಲಿತ್ತೆಂದು ನನಗೇ ಗುರುತು ಸಿಗಲಿಲ್ಲ.

ಹೊರಗೆ ಬೇವಿನ ನೆರಳಲ್ಲಿ ಮೀರಾಬಾಯಿ ಚೀಲ ಕಟ್ಟಿಕೊಂಡು ಬಸ್ಸಿನ ಹೊತ್ತು ಕಾಯುತ್ತಿದ್ದರು. ಕಾಂತಾಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೀಲಿಕೈ ಇನ್ನೂ ಅಂಗೈಯಲ್ಲೇ ಇತ್ತು. ನಾನು ಹತ್ತಿರ ಹೋಗಿ, ಈಗ ನೆಲ ಸರಿಯಾಗಿದೆ, ಎ.ಸಿ. ಐದು ಇದೆ, ಹನ್ನೆರಡು ಮಿಲಿಮೀಟರು ಇದೆ, ಎಂದು ಶುರು ಮಾಡಿದೆ.

"ನೆಲದ ಮಾತ ಬಿಡ್ರಿ ಬೀಗರ," ಎಂದರು ಮೀರಾಬಾಯಿ. "ಹಾವು ಅಂದ ಕೂಡ್ಲೇ ನೀವು ನಮ್ಮವರು ಮಂಚ ಏರಿದ್ರಿ. ನಾನೂ ಸೀರಿ ಎತ್ಕೊಂಡು ಓಡೀನಿ, ಸುಳ್ಳ ಯಾಕ ಹೇಳ್ಲಿ. ಹೊರಗ ಬಂದ ಮ್ಯಾಲ ಸೊಸಿ ನೆಪ್ಪಾತು. ನೋಡಿದ್ರ ಆಕಿ ನನಕಿಂತ ಮೊದಲ ಈ ಗಿಡದ ಕೆಳಗ ಕುಂತಾಳ. ನಮ್ಮ ಬೀಗತಿ ಬಸರ ಹುಡಿಗೀನ ಎರಡೂ ಕೈಲೆ ಎತ್ತಿ ತಂದು ಕೂಡಿಸ್ಯಾರ, ಒಬ್ಬರೇ." ಅವರು ಕಾಂತಾಬಾಯಿಯ ಕಡೆ ತಿರುಗಿದರು. "ನೆಲ ಹ್ಯಾಂಗರ ಇರ್ಲಿ. ಹುಡಿಗಿ ಇವತ್ತಿಂದ ನಿಮ್ಮ ಹತ್ರಾನೇ ಇರ್ಲಿ."

ಕಾಂತಾಬಾಯಿ ಒಳಗೆ ಓಡಿದಳು. ಟ್ರಂಕಿನ ಮುಚ್ಚಳ ಗೋಡೆಗೆ ಬಡಿದ ಸದ್ದು ಓಣಿಗೆಲ್ಲ ಕೇಳಿತು. ಮೀರಾಬಾಯಿ ನನ್ನ ಕಡೆ ತಿರುಗಿ, ಆ ಕೂಲರ್ ಮಾತ್ರ ಮಾರಿಬಿಡಿ, ಬಾಣಂತಿಗೆ ಥಂಡಿ ಹತ್ತುತ್ತದೆ, ಎಂದರು.

ಆಗ ಶರಫೋದ್ದೀನ ಚೀಲ ಹೆಗಲಿಗೇರಿಸಿಕೊಂಡು ಹೊರಬಂದ. ಹೇಳಬೇಕಾದ ಮಾತು ನನ್ನ ಗಂಟಲ ತನಕ ಬಂದಿತ್ತು, ನಿಜವಾಗಿಯೂ ಬಂದಿತ್ತು. ಬಾಯಿ ತೆರೆದರೆ, ಚಹಾ ಕುಡಿದು ಹೋಗು, ಎಂದು ಹೊರಬಿದ್ದಿತು.

"ರೋಜಾ ಅದ ಕಾಕಾ," ಎಂದ ಅವನು.

ಆ ಬಿಸಿಲಲ್ಲಿ, ರಂಜಾನಿನ ಉಪವಾಸ ಹಿಡಿದು, ಹನಿ ನೀರು ಬಾಯಿಗೆ ಹಾಕದೆ ಎರಡು ತಾಸು ಉಳಿ ಹೊಡೆದಿದ್ದ! ಎರಡನೆಯ ಸಲದ ಕೂಲಿ ಹಿಡಿದು ಕಾಂತಾಬಾಯಿ ಅವನ ಹಿಂದೆ ಹೋದರೆ, ಹೆಣ್ಣುಮಗಳ ಹೆರಿಗೆ ಮನೆ ಅವ್ವಾ, ಎಂದು ಹೇಳಿ ತೆಗೆದುಕೊಳ್ಳದೆ ಹೋದ.

ಈದ್ ಆದ ಮೇಲೆ ಕಮಠಾಣಕ್ಕೇ ಹೋದೆ. ಕೈಯಲ್ಲಿ ಮಿಠಾಯಿ ಪೊಟ್ಟಣ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ನಾಲ್ಕು ಸಲ ಬಾಯಿಪಾಠ ಮಾಡಿಕೊಂಡೆ; ನಾಲ್ಕನೇ ಸಲ ಪಕ್ಕದವನು ಜಾಗ ಬದಲಿಸಿದ. ಶರಫೋದ್ದೀನನ ಮನೆಗೆ ಕೀಲಿ ಬಿದ್ದಿತ್ತು. ಹಬ್ಬದ ಮೂರನೆಯ ದಿನವೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಪುಣೆ ಕಡೆ ಹೋದನಂತೆ, ಇಲ್ಲಿ ಕೆಲಸವಿಲ್ಲ. ಯಾವ ಓಣಿ, ಯಾವ ಬಿಲ್ಡಿಂಗು, ಯಾರಿಗೂ ಗೊತ್ತಿಲ್ಲ. ಫೋನು ಹಚ್ಚಿದರೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಒಬ್ಬ ಹೆಣ್ಣುಮಗಳು ಮೂರು ಭಾಷೆಯಲ್ಲಿ ಹೇಳಿದಳು. ಮುಂದೆ ಮಳೆ ಬಂದು ಊರು ಬಿಟ್ಟವರಲ್ಲಿ ಎಷ್ಟೋ ಜನ ತಿರುಗಿ ಬಂದರು. ಅವನು ಬರಲಿಲ್ಲ.

ಮೊಮ್ಮಗಳು ಆ ನೆಲದ ಮೇಲೆ ಹರಿದಾಡಿ, ಎದ್ದು ನಿಂತು, ಈಗ ಓಡುತ್ತಾಳೆ. ಒಂದು ದಿನ ತಡೆಯಲಾರದೆ ಉಸ್ಮಾನ ಮಿಯಾ ಅವರನ್ನು ಓಣಿಯಲ್ಲಿ ನಿಲ್ಲಿಸಿ, ಶರಫೋದ್ದೀನ ಕಳ್ಳನಲ್ಲ, ಅವತ್ತು ನಾನು ಅಂದದ್ದು ತಪ್ಪು, ಎಂದು ಗಟ್ಟಿಯಾಗಿಯೇ ಹೇಳಿದೆ. ಅವರು ಹಣೆಯ ಮೇಲಿನ ಕಲೆ ಸವರಿಕೊಳ್ಳುತ್ತ ಪೂರಾ ಕೇಳಿದರು.

"ನನಗ ಯಾಕ ಹೇಳ್ತಿ ನರಸಿಂಗ ಭಾಯ್," ಎಂದರು. "ನೀ ನನಗ ಅಂದಿದ್ದಿಲ್ಲಲ್ಲ."